ಒಂದು ಗೇಣು ಮೌನ

ಸೇಲಂ ಬಿಟ್ಟು ಏರ್ಕಾಡಿನ ಘಾಟಿ ಹತ್ತುವಾಗ ಇಪ್ಪತ್ತು ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಅರ್ಧ ದಾಟುವಷ್ಟರಲ್ಲಿ ನನ್ನ ಕಿವಿ ಕಟ್ಟಿಕೊಳ್ಳುತ್ತದೆ. ಬಸ್ಸಿನ ಇಂಜಿನ್ನು, ಮುಂದಿನ ಸೀಟಿನ ಮಗುವಿನ ಅಳು, ಕಂಡಕ್ಟರನ ಸೀಟಿ ಎಲ್ಲ ಗೋಡೆಯಾಚೆ ಸರಿದುಹೋಗುತ್ತವೆ. ಮೇಲೆ ಕೆರೆ ಕಾಣಿಸುವ ಹೊತ್ತಿಗೆ ಒಮ್ಮೆ ಎಂಜಲು ನುಂಗಿದರೆ ಸಾಕು, ಟಪ್ಪೆಂದು ಕಿವಿ ಬಿಟ್ಟುಕೊಂಡು ಲೋಕದ ಸದ್ದೆಲ್ಲ ಒಂದೇ ಏಟಿಗೆ ಒಳಗೆ ನುಗ್ಗುತ್ತದೆ. ಚಿಕ್ಕಂದಿನಿಂದ ನನಗೆ ಏರ್ಕಾಡ್ ಎಂದರೆ ಹೀಗೆ ಮುಚ್ಚಿ ತೆರೆದ ಕಿವಿಯ ನೆನಪು. ಕೆರೆ, ಬೆಟ್ಟ, ಮಂಜು ಎಲ್ಲ ಆಮೇಲೆ. ಊರಿನ ಹೆಸರಲ್ಲೂ ಒಂದು ತಮಾಷೆಯಿದೆ. ತಮಿಳಿನಲ್ಲಿ ಏರಿ ಎಂದರೆ ಕೆರೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ಕಾಡು ಮಾತ್ರ ಇಬ್ಬರಿಗೂ ಕಾಡೇ.

ನಾನು ಹೋಗುತ್ತಿದ್ದುದು ದೊಡ್ಡಪ್ಪನ ಮನೆಗೆ. ದೊಡ್ಡಬಳ್ಳಾಪುರದಿಂದ ಬಂದು ಕಾಫಿ ತೋಟವೊಂದರಲ್ಲಿ ರೈಟರ್ ಕೆಲಸಕ್ಕೆ ಸೇರಿದ ಅವರು ಅಲ್ಲೇ ಬೇರು ಬಿಟ್ಟರು. ಆ ಬೆಟ್ಟಕ್ಕೆ ಕಾಫಿಯೂ ಹೊರಗಿನದೇ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಎಂ.ಡಿ. ಕಾಕ್‌ಬರ್ನ್ ಅದನ್ನು ತಂದು ಅಲ್ಲಿ ನೆಡಿಸಿದವನು. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಈಗ್ಗೆ ಹತ್ತು ಹನ್ನೆರಡು ವರ್ಷದ ಹಿಂದೆ, ಅವರ ಟ್ರಂಕಿನ ತಳದಲ್ಲಿ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಅಂಗೈ ಅಗಲದ್ದು. ಮುಚ್ಚಳ ತೆಗೆದರೆ ಹುಳಿ ವಾಸನೆ, ವಿನೆಗರ್ ಬಾಟಲಿ ಬಿರಡೆ ತೆಗೆದಂತೆ. ಒಳಗೆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಚಕ್ರ, ಅದಕ್ಕೆ ಸುತ್ತಿದ ಕಂದು ಪಟ್ಟಿ. ಮೂರು ಇಂಚಿನ ಸ್ಪೂಲು.

ಇದರ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ವಸ್ತುವನ್ನು ಮಾತ್ರ ಯಾರೂ ನೋಡಿರಲಿಲ್ಲ. 1968ರಲ್ಲಿ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ, ಓದಲು ಅಮೆರಿಕಕ್ಕೆ ಹೋದ. ಮರುವರ್ಷ ಯಾರದೋ ಕೈಯಲ್ಲಿ ಬ್ಯಾಟರಿಯ ಒಂದು ಪುಟ್ಟ ಟೇಪ್ ರೆಕಾರ್ಡರ್ ಕಳಿಸಿದ. ಅಂಥದೇ ಇನ್ನೊಂದು ಅವನ ಬಳಿ. ಆಮೇಲಿನ ನಾಲ್ಕೈದು ವರ್ಷ ಅಪ್ಪ ಮಗ ಕಾಗದ ಬರೆದದ್ದು ಕಡಿಮೆ. ಸ್ಪೂಲು ಹೋಗುತ್ತಿತ್ತು, ಸ್ಪೂಲು ಬರುತ್ತಿತ್ತು.

ಅಮೆರಿಕದಲ್ಲಿ ಆಗ ಇದು ಹೊಸ ಸಂಗತಿಯೇನಲ್ಲ. 1950ರ ದಶಕದಲ್ಲೇ ಅಲ್ಲಿ ಟೇಪ್ ಗೆಳೆಯರ ಕ್ಲಬ್ಬುಗಳು ಹುಟ್ಟಿದ್ದವು. ಮುಖ ಕಾಣದವರು ಊರಿಂದೂರಿಗೆ ಸ್ಪೂಲು ಕಳಿಸಿಕೊಂಡು ಹರಟುತ್ತಿದ್ದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನಿಕರು ಮನೆಗೆ ಕಳಿಸುತ್ತಿದ್ದುದು ಇದೇ ಮೂರು ಇಂಚಿನದು. ಅವರ ಕಾಗದದಂತೆ ಅವರ ಟೇಪಿಗೂ ಅಂಚೆ ಚೀಟಿ ಬೇಕಿರಲಿಲ್ಲ. ಸ್ಕಾಚ್ ಹೆಸರಿನ ಟೇಪು ಮಾಡುವ ಕಂಪನಿ ಅಂಚೆಗೆ ಹಾಕಲೆಂದೇ ಡಬ್ಬಿ ಸಮೇತ ಪುಟ್ಟ ಸ್ಪೂಲು ಮಾರುತ್ತಿತ್ತು, ಅದಕ್ಕೆ ‘ಲಿವಿಂಗ್ ಲೆಟರ್’ ಎಂಬ ಹೆಸರು. ಇನ್ನೂ ಹಿಂದೆ ಹೋದರೆ, 1878ರಲ್ಲಿ ಎಡಿಸನ್ ತನ್ನ ಫೋನೋಗ್ರಾಫಿನಿಂದ ಏನೇನು ಉಪಯೋಗ ಎಂದು ಪಟ್ಟಿ ಮಾಡಿದಾಗ ಮೊಟ್ಟಮೊದಲು ಬರೆದದ್ದು ಕಾಗದ ಬರೆಯುವುದನ್ನು. ಸಂಗೀತ ಅದರ ಕೆಳಗೆಲ್ಲೋ ಇತ್ತು. ಧ್ವನಿಯನ್ನು ಹಿಡಿದಿಡುವ ಯಂತ್ರ ಕೈಗೆ ಬಂದೊಡನೆ ಮನುಷ್ಯನಿಗೆ ಹಾಡು ಕೇಳುವುದಕ್ಕಿಂತ ಮೊದಲು ದೂರದವರೊಡನೆ ಮಾತಾಡಬೇಕು ಅನ್ನಿಸಿತಲ್ಲ ಎಂದು ನನಗೆ ಸಮಾಧಾನ.

ಆದರೆ ದೊಡ್ಡಪ್ಪನ ಮನೆಗೆ ಟೇಪು ಬೇಕಾದ ಕಾರಣ ಬೇರೆ. ಅದು ಆ ಸೀಮೆಯದೇ ಕಾರಣ.

ದೊಡ್ಡಮ್ಮ ಸೇಲಂನವರು, ದೇವಾಂಗದವರ ಬೀದಿಯಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವರು. ಸೇಲಂ, ಧರ್ಮಪುರಿ ಕಡೆ ಇಂಥ ಮನೆಗಳು ಇಂದಿಗೂ ಇವೆ. ಮಾತು ಕನ್ನಡ, ಅಕ್ಷರ ತಮಿಳು. ಒಂಬತ್ತನೆಯ ಶತಮಾನದಲ್ಲಿ ಧರ್ಮಪುರಿಯನ್ನು ಆಳಿದ ನೊಳಂಬರು ಅಲ್ಲಿ ಕನ್ನಡದಲ್ಲಿ ಶಾಸನ ಕೊರೆಸಿದ್ದಾರೆ; ಹನ್ನೊಂದು ಶತಮಾನ ಕಳೆದ ಮೇಲೆ ಅದೇ ನೆಲದಲ್ಲಿ ಕನ್ನಡ ಮನೆಮಾತಾಗಿ ಉಳಿದು, ಕಲ್ಲಿನಿಂದ ಇಳಿದು ನಾಲಗೆಯ ಮೇಲೆ ಕೂತಿದೆ. ದೊಡ್ಡಮ್ಮನಿಗೆ ಕನ್ನಡ ಅಕ್ಷರ ಬಾರದು. ಏರ್ಕಾಡಿನಲ್ಲಿ ಶಾಲೆಗೆ ಹೋದ ಅಣ್ಣನಿಗೂ ಬಾರದು. ದೊಡ್ಡಪ್ಪನೊಬ್ಬರಿಗೆ ಬರುತ್ತಿತ್ತು, ಅವರು ಬರೆದರೆ ಓದುವವರಿಲ್ಲ. ಹೀಗಾಗಿ ಅಪ್ಪ ಮಗನಿಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ‘ಮೈ ಡಿಯರ್ ಸನ್’ ಎಂದು ಶುರುಮಾಡಿ, ತೋಟದ ದೊರೆಗೆ ವರದಿ ಒಪ್ಪಿಸುವ ಧಾಟಿಯಲ್ಲಿ. ಅಮ್ಮ ತಮಿಳಿನಲ್ಲಿ ನಾಲ್ಕು ಸಾಲು ಗೀಚುತ್ತಿದ್ದರು. ಆ ಮೂವರೂ ಒಲೆಯ ಮುಂದೆ ಕೂತು ಆಡುತ್ತಿದ್ದ ಭಾಷೆಗೆ ಲಕೋಟೆಯೊಳಗೆ ಜಾಗವೇ ಇರಲಿಲ್ಲ. ಸ್ಪೂಲು ಬಂದ ಮೇಲೆ ಆ ಭಾಷೆ ಮೊದಲ ಸಲ ಟಿಕೆಟ್ ಪಡೆದು ವಿಮಾನ ಹತ್ತಿತು, ಒಂದಕ್ಷರವೂ ಇಲ್ಲದೆ.

ಸ್ಪೂಲನ್ನು ಕೈಯಲ್ಲಿ ಹಿಡಿದು ಕೂತರೆ ಅಚ್ಚರಿ ಎಲ್ಲಿಂದ ಶುರುವಾಗಬೇಕೆಂದೇ ತಿಳಿಯದು. ಆ ಕಂದು ಬಣ್ಣವೆಂದರೆ ತುಕ್ಕು. ಬರಿಯ ತುಕ್ಕು. ಕಬ್ಬಿಣದ ಆಕ್ಸೈಡಿನ ಸೂಜಿಗಳು, ಒಂದೊಂದೂ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣವು, ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕೂತಿವೆ. ಮಾತಾಡಿದಾಗ ಗಾಳಿ ನಡುಗುತ್ತದೆ, ಆ ನಡುಕ ಮೈಕಿನಲ್ಲಿ ವಿದ್ಯುತ್ತಾಗುತ್ತದೆ, ವಿದ್ಯುತ್ತು ಅಯಸ್ಕಾಂತವಾಗಿ ಆ ಸೂಜಿಗಳ ಮುಖವನ್ನು ಅತ್ತಿತ್ತ ತಿರುಗಿಸುತ್ತದೆ. ತಿರುಗಿದ್ದು ತಿರುಗಿದಂತೆಯೇ ನಿಲ್ಲುತ್ತದೆ. ಇಷ್ಟೇ. 1898ರಲ್ಲಿ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ ಉಕ್ಕಿನ ತಂತಿಯ ಮೇಲೆ ಇದನ್ನು ಮಾಡಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಅದರ ಮುಂದೆ ಆಡಿದ ಮಾತು ಈಗಲೂ ಇದೆ. ತಂತಿಯ ಬದಲು ಪಟ್ಟಿಯನ್ನು ತಂದವನು ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್. ಸಿಗರೇಟಿನ ತುದಿಗೆ ಬಂಗಾರದ ಬಣ್ಣದ ಲೋಹದ ಪಟ್ಟಿ ಹಚ್ಚುವ ಕೆಲಸ ಬಲ್ಲ ಆತನಿಗೆ, ಕಾಗದಕ್ಕೆ ಕಬ್ಬಿಣದ ಪುಡಿಯನ್ನೂ ಹೀಗೇ ಬಳಿದರೆ ಎಂದು ಹೊಳೆಯಿತು. 1928ರ ಮಾತು. ಅಣ್ಣನ ದನಿ ಏರ್ಕಾಡಿಗೆ ಬರಲು ಯಾರೋ ಸಿಗರೇಟು ಸೇದುವವರ ಶೋಕಿಯೂ ಕಾರಣವಾಯಿತು.

ಇನ್ನೂ ಒಂದು. ಆ ತುಕ್ಕನ್ನು ತಯಾರಿಸುವುದು ಮ್ಯಾಗ್ನಟೈಟ್ ಎಂಬ ಅಯಸ್ಕಾಂತ ಗುಣದ ಅದಿರಿನ ಜಾತಿಯ ಆಕ್ಸೈಡನ್ನು ಹದವಾಗಿ ಕಾಯಿಸಿ. ಸೇಲಂನ ಪಶ್ಚಿಮಕ್ಕೆ ಕಂಜಮಲೈ ಎಂಬ ಬೆಟ್ಟವಿದೆ, ಅಮಾವಾಸ್ಯೆಗೆ ಸಿದ್ಧರ ಗುಡಿಗೆ ಜನ ಸೇರುವ ಬೆಟ್ಟ. ಅದರ ಮೈತುಂಬ ಮ್ಯಾಗ್ನಟೈಟು. ಹಿಂದೆ ಸೇಲಂನ ಹಳ್ಳಿಗರು ಮಣ್ಣಿನ ಕುಲುಮೆಯಲ್ಲಿ ಅದನ್ನೇ ಕರಗಿಸುತ್ತಿದ್ದರು. 1830ರ ಸುಮಾರಿಗೆ ಜೋಸೈಯಾ ಹೀತ್ ಎಂಬಾತ ಪೋರ್ಟೊ ನೋವೊದಲ್ಲಿ ಕಾರ್ಖಾನೆ ತೆಗೆದು ಸೇಲಂ ಸೀಮೆಯ ಅದಿರನ್ನು ಅಲ್ಲಿಗೆ ತರಿಸುತ್ತಿದ್ದ. ನಮ್ಮ ಸ್ಪೂಲಿನ ಕಬ್ಬಿಣ ಎಲ್ಲಿಯದೋ. ಆದರೂ ದೊಡ್ಡಪ್ಪ ಜಗುಲಿಯಲ್ಲಿ ಕೂತು ಮೈಕಿಗೆ ಮಾತಾಡುವಾಗ ಕೆಳಗಿನ ಬಯಲಲ್ಲಿ ಒಂದಿಡೀ ಬೆಟ್ಟ ಅದೇ ಜಾತಿಯದು ಸುಮ್ಮನೆ ಕೂತಿತ್ತು ಎಂದು ನೆನೆದರೆ ನನಗೇನೋ ಖುಷಿ.

ಸುಮ್ಮನೆ ಕೂತಿತ್ತು ಎನ್ನುವುದೂ ಪೂರ್ತಿ ನಿಜವಲ್ಲ. ಕಾದ ಕಲ್ಲು ತಣ್ಣಗಾಗುವಾಗ ಅದರೊಳಗಿನ ಮ್ಯಾಗ್ನಟೈಟ್ ಕಣಗಳು ಆ ಹೊತ್ತಿನ ಭೂಮಿಯ ಅಯಸ್ಕಾಂತ ಯಾವ ಕಡೆಗಿತ್ತೋ ಆ ಕಡೆ ಮುಖ ಮಾಡಿ ನಿಂತುಬಿಡುತ್ತವೆ. ಭೂಮಿಯ ಉತ್ತರ ದಕ್ಷಿಣ ಆಗಾಗ ಅದಲುಬದಲಾಗಿವೆ. ಸಮುದ್ರದ ತಳದಲ್ಲಿ ಹೊಸ ಕಲ್ಲು ಹುಟ್ಟಿ ಎರಡೂ ಕಡೆ ಸರಿಯುತ್ತ ಹೋದಂತೆ ಈ ಅದಲುಬದಲು ಪಟ್ಟೆಪಟ್ಟೆಯಾಗಿ ದಾಖಲಾಗಿದೆ ಎಂದು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರ ಸೆಪ್ಟೆಂಬರ್ ಮೊದಲ ವಾರ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಭೂವಿಜ್ಞಾನಿಗಳು ಇದನ್ನು ವಿವರಿಸುವಾಗ ಟೇಪ್ ರೆಕಾರ್ಡರ್ ಎಂದೇ ಹೋಲಿಸುವುದು. ಅದಕ್ಕೆ ಹೆಚ್ಚುಕಡಿಮೆ ಒಂದು ವಾರದ ಹಿಂದೆ, ಅದೇ ಆಗಸ್ಟ್ ಕೊನೆಗೆ, ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ಫಿಲಿಪ್ಸ್ ಕಂಪನಿ ಮೊದಲ ಕ್ಯಾಸೆಟ್ಟನ್ನು ಜನರ ಮುಂದಿಟ್ಟಿತ್ತು. ಒಂದೇ ವಾರದ ಅಂತರದಲ್ಲಿ ಜೇಬಿಗೊಂದು ಟೇಪು, ಸಮುದ್ರಕ್ಕೊಂದು ಟೇಪು. ಇಂಥ ಕಾಕತಾಳೀಯಕ್ಕೆ ಅರ್ಥ ಹುಡುಕಬಾರದು, ನೋಡಿ ನಕ್ಕು ಮುಂದೆ ಹೋಗಬೇಕು.

ಡಬ್ಬಿಯ ಮೇಲೆ ದೊಡ್ಡಪ್ಪನ ವಿಳಾಸ, ಕೊನೆಯಲ್ಲಿ 636601. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದನ್ನು ಯೋಚಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಪಂಡಿತರೂ ಹೌದು. ಅಂದರೆ ಇದು ಆಮೇಲೆ ಬಂದ ಸ್ಪೂಲು. ಹಾಗಾದರೆ ಬಹುಶಃ ಕೊನೆಯದು.

ಉಳಿದವೆಲ್ಲ ಎಲ್ಲಿ ಹೋದವು ಎಂದು ದೊಡ್ಡಮ್ಮನನ್ನು ಕೇಳಿದೆ. “ಉಳಿದವು ಅಂತ ಯಾವುದೂ ಇಲ್ಲಪ್ಪ, ಎಲ್ಲಾ ಇದೇ” ಅಂದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಟೇಪು ದುಬಾರಿ. ಇದ್ದದ್ದು ಒಂದೇ ಸ್ಪೂಲು. ಅದೇ ಹೋಗುತ್ತಿತ್ತು, ಅದೇ ಬರುತ್ತಿತ್ತು. ಒಂದು ಮಗ್ಗುಲು ಮಗನದು, ಇನ್ನೊಂದು ಅಪ್ಪ ಅಮ್ಮನದು. ಮಗನ ಮಾತು ಕೇಳಿ ಮುಗಿಸಿ, ಸ್ಪೂಲು ಮಗುಚಿ, ಹಿಂದಿನ ಸಲ ತಾವಾಡಿದ್ದರ ಮೇಲೇ ಹೊಸದಾಗಿ ಮಾತಾಡುವುದು. ಅವನೂ ಹಾಗೆಯೇ. ಪ್ರತಿ ಉತ್ತರ ಹಿಂದಿನ ಪ್ರಶ್ನೆಯನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತಿತ್ತು. ನಾಲ್ಕೈದು ವರ್ಷದ ಮಾತು ಒಂದರ ಕೆಳಗೊಂದು ಹೂತುಹೋಗಿ, ಮೇಲೆ ಉಳಿದದ್ದು ಕೊನೆಯ ಪದರ ಮಾತ್ರ.

ಒಂದು ಮಗ್ಗುಲು, ಇನ್ನೊಂದು ಮಗ್ಗುಲು ಎನ್ನುವುದು ಬಾಯಿಮಾತು. ಟೇಪಿಗೆ ತುಕ್ಕಿರುವುದು ಒಂದೇ ಕಡೆ. ಕಾಲು ಇಂಚು ಅಗಲದ ಆ ಪಟ್ಟಿಯ ಮೇಲರ್ಧದಲ್ಲಿ ಒಬ್ಬರ ಮಾತು ಎಡದಿಂದ ಬಲಕ್ಕೆ ಹೋದರೆ, ಕೆಳಗಿನ ಅರ್ಧದಲ್ಲಿ ಇನ್ನೊಬ್ಬರದು ಬಲದಿಂದ ಎಡಕ್ಕೆ. ಅಪ್ಪ ಮಗ ಒಂದೇ ಓಣಿಯಲ್ಲಿ ಎದುರುಬದುರಾಗಿ ಮೈಗೆ ಮೈ ತಾಗುವಷ್ಟು ಹತ್ತಿರ ಹಾದುಹೋಗುತ್ತಾರೆ, ನಡುವೆ ಕೂದಲೆಳೆಯಷ್ಟು ಜಾಗ. ಒಬ್ಬರ ಮೊದಲ ಮಾತಿನ ಪಕ್ಕದಲ್ಲಿ ಇನ್ನೊಬ್ಬರ ಕೊನೆಯ ಮಾತು ಮಲಗಿರುತ್ತದೆ. ಯಂತ್ರ ಸರಿಯಿದ್ದಷ್ಟು ದಿನ ಒಬ್ಬರಿಗೆ ಇನ್ನೊಬ್ಬರು ಕೇಳಿಸರು.

ಅದನ್ನು ಕೇಳಬೇಕಲ್ಲ. ಮನೆಯ ರೆಕಾರ್ಡರ್ ಎಂದೋ ಕೆಟ್ಟು ಮೂಲೆಗೆ ಬಿದ್ದಿತ್ತು, ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು. ಸೇಲಂನ ಏರ್ಕಾಡ್ ರಸ್ತೆಯಲ್ಲಿ ಹಳೆ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕಿದರು. ಆ ರಸ್ತೆಗೂ ದನಿಗೂ ಹಳೆಯ ನಂಟು. 1935ರಲ್ಲಿ ಟಿ.ಆರ್. ಸುಂದರಂ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋ ಇದ್ದದ್ದು ಅಲ್ಲೇ, ಈಗ ಕಮಾನು ಮಾತ್ರ ನಿಂತಿದೆ. ಮಲಯಾಳಂ ಭಾಷೆಯ ಮೊದಲ ಮಾತಿನ ಚಿತ್ರ ‘ಬಾಲನ್’ 1938ರಲ್ಲಿ ತಯಾರಾದದ್ದು ಈ ತಮಿಳು ಊರಿನ ಸ್ಟುಡಿಯೋದವರ ಕೈಯಲ್ಲಿ. ಒಂದು ಭಾಷೆ ಇನ್ನೊಂದರ ಅಂಗಳದಲ್ಲಿ ಬಾಯಿ ಬಿಡುವುದು ಸೇಲಂಗೆ ಹೊಸದಲ್ಲ. ರಿಪೇರಿಯ ಹಿರಿಯರು ಬೆಲ್ಟು ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, “ತುಂಬ ಆಸೆ ಇಟ್ಟುಕೊಳ್ಳಬೇಡಿ” ಎಂದು ತಮಿಳಿನಲ್ಲಿ ಹೇಳಿ ಕಳಿಸಿದರು.

ಮೊದಲು ಹಾಕಿದ್ದು ದೊಡ್ಡಪ್ಪನ ಮಗ್ಗುಲು. ದನಿ ಕೇಳಿ ಎಲ್ಲರೂ ನಕ್ಕುಬಿಟ್ಟೆವು. ಬೊಂಬೆಯಾಟದ ಬೊಂಬೆ ಮಾತಾಡಿದಂತೆ ಕೀಚಲು. ರೆಕಾರ್ಡ್ ಮಾಡುವ ದಿನ ಅವರ ಬ್ಯಾಟರಿ ಸೋತು ಟೇಪು ನಿಧಾನಕ್ಕೆ ಓಡಿದೆ, ಈಗ ಹೊಸ ಬ್ಯಾಟರಿಯಲ್ಲಿ ಅದೇ ಮಾತು ಓಡೋಡಿ ಬರುತ್ತಿದೆ. ಅಣ್ಣನೂ ಅಲ್ಲಿ ಹೊಸ ಬ್ಯಾಟರಿ ಹಾಕಿ ಅಪ್ಪನನ್ನು ಹೀಗೇ ಕೇಳಿರಬೇಕು. ಎರಡು ನಿಮಿಷದಲ್ಲಿ ಕಿವಿ ಒಗ್ಗಿತು, ಆ ಕೀಚಲಿನ ಒಳಗಿಂದ ದೊಡ್ಡಪ್ಪ ನಿಧಾನಕ್ಕೆ ಎದ್ದು ಬಂದರು.

ಮಾತು ವಿಶೇಷದ್ದೇನಲ್ಲ. ಹೂಮಳೆ ಸರಿಯಾಗಿ ಬಿತ್ತು, ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮೇಲೆ ಚೆನ್ನಾಗಿ ಹಬ್ಬಿದೆ, ಮೇ ತಿಂಗಳ ಶೇರ್ವರಾಯನ್ ಜಾತ್ರೆಗೆ ಮಲೆಯ ಜನ ಬಹಳ ಬಂದಿದ್ದರು. ಅವರು ಹೇಳಬೇಕೆಂದು ಹೇಳಿದ್ದು ಇಷ್ಟೇ. ಹೇಳಬೇಕೆಂದುಕೊಳ್ಳದೆ ಕಳಿಸಿದ್ದು ಎಷ್ಟೋ. ಹಿಂದೆಲ್ಲೋ ಪಾತ್ರೆ ಇಟ್ಟ ಸದ್ದು. ಜೀರುಂಡೆ. ಒಂದು ನಾಯಿ, ಈಗ ಅದರ ಮರಿಮಕ್ಕಳ ಮರಿಮಕ್ಕಳೂ ಇರಲಾರವು. “ಮೈಕ್ ಹತ್ತಿರ ಬಾ, ಮಾತಾಡು” ಅಂತ ದೊಡ್ಡಪ್ಪ, “ಮಾತಾಡು ಅಂದರೆ ಏನು ಮಾತಾಡಲಿ, ಅವನು ಎದುರಿಗಿದ್ದಾನಾ?” ಅಂತ ದೊಡ್ಡಮ್ಮ, ಆಮೇಲೆ ಮೈಕು ಆಫ್ ಆಗಿದೆ ಅಂದುಕೊಂಡು ಗಂಡನಿಗೆ ಅಕ್ಕಿ ತರದ ವಿಚಾರಕ್ಕೆ ಸಣ್ಣಗೆ ಒಂದು ಬೈಗುಳ. ಕಾಗದದಲ್ಲಿ ಇದ್ಯಾವುದೂ ಬರುತ್ತಿರಲಿಲ್ಲ. ಬರೆಯುವವನು ಬೇಕಾದ್ದನ್ನು ಆರಿಸುತ್ತಾನೆ. ಟೇಪು ಮನೆಯನ್ನೇ ಬುಡಸಮೇತ ಕಿತ್ತು ಡಬ್ಬಿಗೆ ಹಾಕಿತ್ತು.

ಬೆರಗಾದದ್ದು ನನಗೆ ಇವುಗಳಿಗಲ್ಲ, ದೊಡ್ಡಪ್ಪ ಬಿಡುತ್ತಿದ್ದ ಬಿಡುವುಗಳಿಗೆ. “ಅಲ್ಲಿ ಚಳಿ ಹೇಗಿದೆ?” ಎಂದು ಕೇಳಿ ಸುಮ್ಮನಾಗುತ್ತಾರೆ. ಎರಡು ಸೆಕೆಂಡು. “ಹೂಂ” ಅನ್ನುತ್ತಾರೆ. “ಊಟಕ್ಕೆ ಏನು ಮಾಡಿಕೊಳ್ಳುತ್ತೀಯ?” ಮತ್ತೆ ಮೌನ, ಮತ್ತೆ “ಸರಿ.” ಕೇಳುವವನು ಹತ್ತು ಸಾವಿರ ಮೈಲಿ ದೂರ, ಮೂರು ನಾಲ್ಕು ವಾರ ಆಚೆ. ಆದರೂ ಉತ್ತರಕ್ಕೆಂದು ಜಾಗ ಬಿಟ್ಟು ಮಾತಾಡಿದ್ದಾರೆ, ಎಲೆ ಹಾಕುವಾಗ ಬರಲಿರುವವರಿಗೂ ಒಂದು ಎಲೆ ಹಾಕುವ ಹಾಗೆ. ನೂರೈವತ್ತು ಅಡಿ ಟೇಪು, ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರಿನಂತೆ ಓಡಿದರೆ ಒಂದು ಮಗ್ಗುಲಿಗೆ ಎಂಟೇ ನಿಮಿಷ. ಒಂದು ಸೆಕೆಂಡಿನ ಮಾತೆಂದರೆ ನನ್ನ ಅಂಗೈ ಅಗಲ. ಎರಡು ಸೆಕೆಂಡು ಒಂದು ಗೇಣು. ಅಷ್ಟು ದುಬಾರಿಯ ಟೇಪಿನಲ್ಲಿ, ಲೆಕ್ಕದ ಮನುಷ್ಯ, ತೋಟದ ಚೆಕ್‌ರೋಲಿನಲ್ಲಿ ಅರ್ಧ ದಿನದ ಕೂಲಿಯನ್ನೂ ಬಿಡದವರು, ಗೇಣುಗೇಣು ಮೌನವನ್ನು ಬಿಟ್ಟುಬಿಟ್ಟಿದ್ದರು.

ಆ ಮೌನ ಖಾಲಿ ಇರಲಿಲ್ಲ. ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿದರೆ ಅದರೊಳಗೆ ಏನೋ ಪಿಸುಗುಟ್ಟುತ್ತಿತ್ತು. ಎರಡನೆಯ ಸಲ ಕೇಳಿದಾಗ ಗೊತ್ತಾಯಿತು: ಮುಂದೆ ಆಡಲಿರುವ ಮಾತೇ ಎರಡು ಸೆಕೆಂಡು ಮೊದಲು, ಬಹಳ ದೂರದಿಂದ ಎಂಬಂತೆ, ಕೇಳಿಸುತ್ತಿದೆ. “ಸರಿ” ಎನ್ನುವ ಮೊದಲೇ ಸರಿಯ ನೆರಳು. ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳಲಾರೆ. ಆಮೇಲೆ ಕಾರಣ ತಿಳಿಯಿತು. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಒತ್ತಿ ಕೂತಿರುತ್ತದೆ. ಜೋರು ಮಾತಿರುವ ಸುತ್ತು ಪಕ್ಕದ ಸುತ್ತಿನ ಮೌನಕ್ಕೆ ತನ್ನ ಅಯಸ್ಕಾಂತವನ್ನು ಸ್ವಲ್ಪ ತಗುಲಿಸುತ್ತದೆ. ಸ್ಪೂಲಿನ ಒಂದು ಸುತ್ತು ಹೆಚ್ಚುಕಡಿಮೆ ಒಂದು ಗೇಣು. ಅದಕ್ಕೇ ಎರಡು ಸೆಕೆಂಡು. ಪ್ರಿಂಟ್ ಥ್ರೂ ಎಂದು ಅದರ ಹೆಸರು. ಸ್ಟುಡಿಯೋದವರಿಗೆ ಅದೊಂದು ಪೀಡೆ.

ಅವರ ಪಾಲಿಗೆ ಪೀಡೆ ಸರಿ. ಆದರೆ ಇದು ರೆಕಾರ್ಡ್ ಮಾಡುವಾಗ ಆಗುವುದಲ್ಲ. ಆಗುವುದು ಟೇಪು ಸುಮ್ಮನೆ ಬಿದ್ದಿರುವಾಗ. ಎಷ್ಟು ಹೆಚ್ಚು ದಿನ ಬಿದ್ದಿರುತ್ತದೋ, ಎಷ್ಟು ಸೆಕೆಯಲ್ಲಿ ಬಿದ್ದಿರುತ್ತದೋ, ಅಷ್ಟು ದಟ್ಟ. ಅಂಚೆ ಚೀಲದಲ್ಲಿ, ಮದ್ರಾಸಿನ ಬಿಸಿಲಲ್ಲಿ, ಕಸ್ಟಮ್ಸಿನವರ ಮೇಜಿನ ಮೇಲೆ, ಅಲ್ಲಿಂದ ಎಷ್ಟೋ ವರ್ಷ ಟ್ರಂಕಿನ ತಳದಲ್ಲಿ. ಮಾತಾಡಿದ್ದು ಎಂಟು ನಿಮಿಷ. ಆ ನೆರಳನ್ನು ಬರೆದದ್ದು ಕಾದ ದಿನಗಳು. ಅಂಚೆಯಲ್ಲಿ ಕಳೆದ ಕಾಲಕ್ಕೆ ಯಾವ ಗುರುತೂ ಉಳಿಯುವುದಿಲ್ಲ, ಲಕೋಟೆಯ ಮೇಲಿನ ಎರಡು ಮೊಹರಿನ ನಡುವೆ ಅದು ಆವಿಯಾಗುತ್ತದೆ ಎಂದುಕೊಂಡಿದ್ದೆ. ಇಲ್ಲಿ ಅದು ಕೇಳಿಸುತ್ತಿತ್ತು. ಅದೂ ದೊಡ್ಡಪ್ಪ ಬಿಟ್ಟ ಗೇಣುಗಳಲ್ಲೇ; ಮಾತು ತುಂಬಿದ ಕಡೆ ಆ ನೆರಳು ಮಾತಿನಡಿ ಮುಚ್ಚಿಹೋಗುತ್ತದೆ.

ಸ್ಪೂಲಿನ ಹಿಂದೆಯೇ ಕ್ಯಾಸೆಟ್ಟು ಬಂತು. ಗಲ್ಫಿಗೆ ಹೋದವರು ಕಾಸರಗೋಡು, ಮಂಗಳೂರು, ಭಟ್ಕಳದ ಮನೆಗಳಿಗೆ ಕ್ಯಾಸೆಟ್ ತುಂಬ ಮಾತು ಕಳಿಸಿದರು. ಅಂಚೆಗಿಂತ ಹೆಚ್ಚಾಗಿ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ. ಧ್ವನಿಯ ಕಾಗದ ಯಾವಾಗಲೂ ಪ್ರೀತಿಯದೇ ಎಂದೇನೂ ಇಲ್ಲ. ಆಕಾಶ ತಿಳಿಯಾದ ದಿನ ಏರ್ಕಾಡಿನ ಲೇಡೀಸ್ ಸೀಟಿನಲ್ಲಿ ನಿಂತರೆ ಮೆಟ್ಟೂರು ಜಲಾಶಯ ಮಿನುಗುವುದು ಕಾಣುತ್ತದೆ. ಅದರಾಚೆಯ ಕಾಡುಗಳಿಂದಲೂ ಕ್ಯಾಸೆಟ್ಟುಗಳು ಬಂದಿದ್ದವು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ಕರೆದೊಯ್ದ ವೀರಪ್ಪನ್ ಪಾರ್ವತಮ್ಮನವರ ಕೈಗೆ ಕೊಟ್ಟು ಹೋದದ್ದು ಒಂದು ಕ್ಯಾಸೆಟ್ಟು, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಲೆಂದು. ಆಮೇಲಿನ ನೂರೆಂಟು ದಿನ ಎರಡು ಸರ್ಕಾರಗಳು ಕಾಡಿನಿಂದ ಬರುವ ಸುದ್ದಿಗೆ ಕಿವಿ ನೆಟ್ಟು ಕ್ಯಾಸೆಟ್ಟುಗಳ ಮುಂದೆ ಕೂತಿದ್ದವು. ಆ ದಿನಗಳಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ರೇಡಿಯೋ ಸದ್ದಾದರೆ ಲೋಟ ಹಿಡಿದೇ ನಿಂತುಬಿಡುತ್ತಿದ್ದುದು ನನಗೆ ನೆನಪಿದೆ.

ಅತಿ ದೂರ ಹೋಗಿರುವ ಕನ್ನಡ ದನಿ ಯಾವುದು ಎಂದರೆ ಉತ್ತರ ಸುಲಭ. 1977ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಗಳಿವೆ. ಐವತ್ತೈದು ಭಾಷೆಗಳ ನಮಸ್ಕಾರ ಅದರಲ್ಲಿ. ಕನ್ನಡದ್ದು ಶ್ರೀನಿವಾಸ ಕೆ. ಉಪಾಧ್ಯಾಯ ಅವರ ದನಿ, ಕನ್ನಡಿಗರ ಪರವಾಗಿ ಶುಭಾಶಯ. ವಾಯೇಜರ್ 1 ಈಗ ಎಷ್ಟು ದೂರವಿದೆಯೆಂದರೆ ಬೆಳಕಿನ ವೇಗದ ರೇಡಿಯೋ ಸಂದೇಶ ಅಲ್ಲಿಗೆ ಮುಟ್ಟಲು ಹೆಚ್ಚುಕಡಿಮೆ ಒಂದಿಡೀ ದಿನ ಬೇಕು. ಆ ನೌಕೆಗಳಲ್ಲೂ ಒಂದು ಟೇಪ್ ರೆಕಾರ್ಡರ್ ಇದೆ. ಗ್ರಹಗಳನ್ನು ಹಾದುಹೋಗುವಾಗ ತೆಗೆದ ಚಿತ್ರಗಳನ್ನು ಅದರಲ್ಲಿಟ್ಟುಕೊಂಡು ಬಿಡುವಾದಾಗ ಭೂಮಿಗೆ ಕಳಿಸುತ್ತಿದ್ದವು. ಇದನ್ನೆಲ್ಲ ದೊಡ್ಡಮ್ಮನಿಗೆ ಉತ್ಸಾಹದಿಂದ ವಿವರಿಸಿದೆ. “ನಮಸ್ಕಾರ ಅಂದು ಸುಮ್ಮನಾದರಾ? ಹೇಗಿದ್ದೀರಿ ಅಂತ ಕೇಳಲಿಲ್ವಾ?” ಅಂದರು. ಕೇಳಿಲ್ಲ. ದೊಡ್ಡಮ್ಮನ ಲೆಕ್ಕದಲ್ಲಿ ಅದು ಕಾಗದವೇ ಅಲ್ಲ, ಬರಿಯ ವಿಸಿಟಿಂಗ್ ಕಾರ್ಡು.

ಆಮೇಲೆ ಸ್ಪೂಲು ಮಗುಚಿ ಅಣ್ಣನ ಮಗ್ಗುಲು ಹಾಕಿದೆವು. ದೊಡ್ಡಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಅಣ್ಣ ಈಗಲೂ ಅಲ್ಲೇ ಇದ್ದಾನೆ, ರಿಟೈರ್ ಆಗಿದ್ದಾನೆ, ಭಾನುವಾರ ಭಾನುವಾರ ವಿಡಿಯೋದಲ್ಲಿ ಅಮ್ಮನ ಜೊತೆ ಮಾತಾಡುತ್ತಾನೆ; ಹಿಂದಿನ ಭಾನುವಾರ ಕೂಡ ಮಾತಾಡಿದ್ದ. ಟೇಪಿನಲ್ಲಿದ್ದವನು ಇಪ್ಪತ್ತಾರರ ಹುಡುಗ. ಹೆಡ್ಡು ಸ್ವಲ್ಪ ಓರೆಯಾಗಿತ್ತೋ ಏನೋ, ಅವನ ದನಿಯ ತಳದಲ್ಲಿ ದೊಡ್ಡಪ್ಪನ ಮಾತು ತಿರುಗುಮುರುಗಾಗಿ, ಯಾವ ಭಾಷೆಯೂ ಅಲ್ಲದಂತೆ, ಗುನುಗುತ್ತಿತ್ತು. ಅಣ್ಣ ಹಿಮದ ಮಾತಾಡಿದ, ತಾನೇ ಮಾಡಿದ ಸಾರಿನ ಮಾತಾಡಿದ, ಕ್ಯಾಸೆಟ್ ರೆಕಾರ್ಡರ್ ಕೊಳ್ಳುವ ಯೋಚನೆ ಹೇಳಿದ. ಅದನ್ನು ಅವನು ಕೊಂಡೇಬಿಟ್ಟಿದ್ದರಿಂದಲೇ ಈ ಸ್ಪೂಲಿಗೆ ಉತ್ತರ ತುಂಬಿಸುವ ಪ್ರಸಂಗ ಬರಲಿಲ್ಲ. ಇದು ಇಲ್ಲೇ ಉಳಿಯಿತು.

ಮಾತು ನಿಂತಿತು. ಟೇಪಿನ ಸುಯ್ಯೆನ್ನುವ ಸದ್ದು. ಅದರೊಳಗೆ ಯಾರನ್ನೋ ಕರೆದಂಥ ಒಂದು ನೆರಳು.

“ಅಮ್ಮಾ, ಕಾಲು ನೋವು ಹೇಗಿದೆ?”

ಅಪ್ಪನ ಮಗ. ಒಂದು ಗೇಣು ಬಿಟ್ಟ.

“ಹಾಗೇ ಇದೆ ಕಣೋ” ಅಂದರು ದೊಡ್ಡಮ್ಮ ಅಡುಗೆಮನೆಯಿಂದ, ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸದೆ.

“ಸರಿ” ಅಂದ ಅಣ್ಣ.